ಅಡಗಿದ ವಸ್ತು, ಅಳಿದ ಹೆಸರು

ಈಚೆಗೆ ನಮ್ಮ ಸಂಘದ ಸಭೆಯೊಂದರಲ್ಲಿ ಹಿರಿಯರೊಬ್ಬರು ಮೊಬೈಲಿನ ಆಟಗಳನ್ನು ಕುರಿತು ಉಗ್ರವಾಗಿ ಮಾತನಾಡಿದರು. ಚಿತ್ರದಲ್ಲಿ ಅಡಗಿಸಿಟ್ಟ ವಸ್ತುಗಳನ್ನು ಹುಡುಕುವ ಆಟದಲ್ಲಿ ಮಕ್ಕಳು ಮುಳುಗಿಹೋಗಿದ್ದಾರೆಂದೂ, ಗಡಿನಾಡಿನ ಕನ್ನಡಕ್ಕೆ ಇದರಿಂದಲೇ ಕೇಡು ಬಂದಿತೆಂದೂ ಅವರ ವಾದ. ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಮನೆಗೆ ಬಂದ ಮೇಲೆ ಆ ಚಪ್ಪಾಳೆಗಾಗಿ ನಾಚಬೇಕಾಯಿತು. ಏಕೆಂಬುದನ್ನು ವಾಚಕರಲ್ಲಿ ನಿವೇದಿಸಿಕೊಳ್ಳುತ್ತೇನೆ.

ಮೊದಲು ಆಟದ ಸ್ವರೂಪವನ್ನು ತಿಳಿಯೋಣ. ಒಂದು ಮಾಯಾಲೋಕದ ಚಿತ್ರ. ಪಾಳುಬಿದ್ದ ಅರಮನೆಯೋ ಮಾಟಗಾತಿಯ ಅಡಿಗೆಮನೆಯೋ ಇರಬಹುದು. ಅದರಲ್ಲಿ ನೂರಾರು ಸಾಮಾನುಗಳು ಒಂದರ ಮೇಲೊಂದು ಚೆಲ್ಲಾಡಿರುತ್ತವೆ. ಕೆಳಗೆ ಹತ್ತು ಹನ್ನೆರಡು ಹೆಸರುಗಳ ಪಟ್ಟಿ. ಹೆಸರನ್ನು ಓದಿ, ವಸ್ತುವನ್ನು ಗುರುತಿಸಿ, ಬೆರಳಿನಿಂದ ಮುಟ್ಟಬೇಕು. ಇಂಗ್ಲೆಂಡಿನ ಮಾರ್ಟಿನ್ ಹ್ಯಾಂಡ್‌ಫರ್ಡ್ 1987ರಲ್ಲಿ, ಜನಜಂಗುಳಿಯ ಚಿತ್ರಗಳಲ್ಲಿ ವಾಲಿ ಎಂಬವನನ್ನು ಹುಡುಕಿಸುವ ಪುಸ್ತಕವನ್ನು ತಂದರು. 2005ರಲ್ಲಿ ‘ಮಿಸ್ಟರಿ ಕೇಸ್ ಫೈಲ್ಸ್: ಹಂಟ್ಸ್‌ವಿಲ್’ ಎಂಬುದು ಗಣಕಯಂತ್ರದ ಮೇಲೆ ಇಂಥ ಆಟವನ್ನು ಜನಪ್ರಿಯಗೊಳಿಸಿತು.

ಇದು ಬರಿಯ ಕಾಲಹರಣ ಎಂಬುದು ಮೊದಲನೆಯ ಆಕ್ಷೇಪಣೆ. ಹಾಗೆನ್ನುವವರು ದಂಡಿಯನ್ನು ನೆನೆಯಲಿ. ‘ಕಾವ್ಯಾದರ್ಶ’ದಂಥ ಗಂಭೀರ ಗ್ರಂಥದ ಮೂರನೆಯ ಪರಿಚ್ಛೇದದಲ್ಲಿ ಆತ ಪ್ರಹೇಲಿಕೆಗಳಿಗೆ, ಎಂದರೆ ಒಗಟುಗಳಿಗೆ, ಸ್ಥಾನವಿತ್ತು, ಗೋಷ್ಠಿಗಳ ವಿನೋದಕ್ಕೆ ಅವು ಒದಗುತ್ತವೆಂದಿದ್ದಾನೆ. ಅಷ್ಟು ದೂರವೇಕೆ? ನಮ್ಮ ಹಿಂದೂಪುರದ ಮಗ್ಗುಲಲ್ಲೇ ಲೇಪಾಕ್ಷಿ ಇದೆ. ಹದಿನಾರನೆಯ ಶತಮಾನದ ಆ ವೀರಭದ್ರ ದೇವಾಲಯದಲ್ಲಿ ಒಂದೇ ಮೈಗೆ ಮೂರು ತಲೆಗಳುಳ್ಳ ಹಸುವಿನ ಶಿಲ್ಪವೊಂದುಂಟು. ಎರಡು ತಲೆಗಳನ್ನು ಅಂಗೈಯಿಂದ ಮುಚ್ಚಿದರೆ ಒಂದು ಹಸು. ಕೈಯನ್ನು ಸರಿಸಿ ಮುಚ್ಚಿದರೆ ಬೇರೊಂದು ಹಸು! ಅಡಗಿಸುವುದೂ ಹುಡುಕಿಸುವುದೂ ಕೀಳೆಂದು ಆ ರೂವಾರಿ ಭಾವಿಸಲಿಲ್ಲ. ದೇವರ ಸನ್ನಿಧಿಯಲ್ಲಿ ಸಲ್ಲುವ ವಿನೋದವು ಮಗುವಿನ ಕೈಯಲ್ಲಿ ಸಲ್ಲದೆ?

ಎರಡನೆಯ ಆಕ್ಷೇಪಣೆ ಭಾಷೆಯನ್ನು ಕುರಿತದ್ದು. ಇಲ್ಲಿ ನನ್ನ ಅನುಭವವನ್ನೇ ಹೇಳಬೇಕು. ಕಲ್ಯಾಣದುರ್ಗದಲ್ಲಿರುವ ನನ್ನ ತಂಗಿಯ ಮೊಮ್ಮಗ ರಜೆಗೆಂದು ಬಂದಿದ್ದ. ಹತ್ತು ವರ್ಷದ ಹುಡುಗ. ಸಭೆಯ ಮಾರನೆಯ ದಿನ ಅವನ ಪಕ್ಕದಲ್ಲಿ ಕುಳಿತು ಆಟವನ್ನು ನೋಡಿದೆ. ಪಟ್ಟಿಯೆಲ್ಲ ಇಂಗ್ಲಿಷಿನಲ್ಲಿ. ‘ಆನ್ವಿಲ್’ ಎಂಬ ಹೆಸರು ಬಂದಿತು. ಕಮ್ಮಾರನ ಅಡಿಗಲ್ಲನ್ನು ಅವನು ಕಂಡವನಲ್ಲ. ಆದರೂ ಅಲ್ಲಿ ಇಲ್ಲಿ ಮುಟ್ಟಿ, ತಪ್ಪಿ, ಕಡೆಗೆ ಕಂಡುಹಿಡಿದ. ಮೂರು ನಿಮಿಷಗಳಲ್ಲಿ ವಸ್ತುವೂ ಹೆಸರೂ ಅವನವಾದುವು.

“ಅಟ್ಟದ ಮೇಲಿನ ಮೊರವನ್ನು ತಾರಪ್ಪ” ಎಂದೆ. ಬುಟ್ಟಿಯನ್ನು ತಂದ. ತೆಲುಗು ಕನ್ನಡವನ್ನು ನುಂಗಿತೆಂದು ಮನಸ್ಸಿನಲ್ಲೇ ಮರುಗಿ, “ಚೇಟ ಕಣೋ, ಚೇಟ” ಎಂದೆ. “ಹಾಗಂದರೇನು ತಾತ?” ಎಂದ. ಒರಳನ್ನು ಕೇಳಿದೆ; ತಿಳಿಯದು. ರೋಲು ಎಂದೆ, ಅದೂ ತಿಳಿಯದು. ಒನಕೆಯೂ ಇಲ್ಲ, ರೋಕಲಿಯೂ ಇಲ್ಲ. ತೆಲುಗಿನಿಂದ ಕನ್ನಡ ಸೊರಗಿತೆಂದು ವೇದಿಕೆಗಳ ಮೇಲೆ ನಾನು ಮಾಡುತ್ತ ಬಂದ ಭಾಷಣ ಆ ಕ್ಷಣದಲ್ಲಿ ಕುಸಿಯಿತು. ನೆರೆಯ ನುಡಿ ನಮ್ಮ ಪದವನ್ನು ಕದ್ದಿರಲಿಲ್ಲ; ಎರಡು ನುಡಿಗಳ ಪದಗಳೂ ಒಂದೇ ಅಟ್ಟದ ಮೇಲೆ ಧೂಳು ಹಿಡಿದಿದ್ದವು.

ಆ ಪದಗಳನ್ನು ಹುಡುಗನಿಗೆ ಯಾರು ಹೇಳಿಕೊಡಬೇಕಿತ್ತು? ಆಟವನ್ನು ತಯಾರಿಸಿದ ವಿದೇಶದ ವರ್ತಕರೆ? ಮಿಕ್ಸಿ ಬಂದ ದಿನ ಒರಳನ್ನು ಹಿತ್ತಲಿಗೆ ಉರುಳಿಸಿದವನು ನಾನು. ಅಂದಿನಿಂದ ಅದರ ಹೆಸರನ್ನು ಒಂದು ಮಗುವಿನೆದುರಿಗಾದರೂ ಉಚ್ಚರಿಸಲಿಲ್ಲ. ಹೆಸರನ್ನು ಕೊಟ್ಟು ವಸ್ತುವನ್ನು ಕೇಳುವ ಆಟ ‘ಆನ್ವಿಲ್ಲಿ’ಗೆ ಮಾಡಿದ ಉಪಕಾರವನ್ನು ನಾವು ‘ಮೊರ’ಕ್ಕೆ ಹತ್ತು ವರ್ಷಗಳಲ್ಲಿ ಮಾಡಲಿಲ್ಲ. ಹೀಗಿರಲು ನಿಂದಿಸಬೇಕಾದದ್ದು ಯಾರನ್ನು?

ಆಟದಲ್ಲಿ ದೋಷವಿಲ್ಲವೆಂದು ನಾನು ಹೇಳೆನು. ಇಂಥ ಅನೇಕ ಆಟಗಳಲ್ಲಿ ಕೆಲವು ಸುತ್ತುಗಳಾದ ಮೇಲೆ ‘ಶಕ್ತಿ’ ಮುಗಿಯಿತೆಂದು ಬಾಗಿಲು ಮುಚ್ಚುತ್ತದೆ. ಕಾಯಬೇಕು, ಇಲ್ಲವೆ ಹಣ ತೆರಬೇಕು. ಮಗುವಿನ ಕುತೂಹಲಕ್ಕೆ ಸುಂಕ ವಿಧಿಸುವ ಈ ವ್ಯಾಪಾರ ಖಂಡನೀಯ. ಅದನ್ನು ತಡೆಯುವುದು ಹೆತ್ತವರ ಕರ್ತವ್ಯ. ಆದರೆ ಸುಂಕದ ಮೇಲಿನ ಸಿಟ್ಟಿಗೆ ಸಂತೆಯನ್ನೇ ಸುಡುವುದು ವಿವೇಕವಲ್ಲ.

ಆದುದರಿಂದ ಸಂಘಕ್ಕೆ ನನ್ನದೊಂದು ಸೂಚನೆ. ಪತ್ರಿಕೆಯ ಪ್ರತಿ ಸಂಚಿಕೆಯ ಕೊನೆಯ ಪುಟವನ್ನು ಮಕ್ಕಳಿಗೆ ಬಿಟ್ಟುಕೊಡೋಣ. ಹಿಂದೂಪುರದ ಬೆಲ್ಲದ ಮಂಡಿಯನ್ನೋ, ಕಲ್ಯಾಣದುರ್ಗದ ಕಡೆಯ ಕಡಲೆಕಾಯಿ ಕಣವನ್ನೋ ಗೆರೆಗಳಲ್ಲಿ ಬರೆದು, ಕೂರಿಗೆ, ಕುಂಟೆ, ಕೊಳಗ, ಮೊರ, ಒನಕೆಗಳನ್ನು ಅದರಲ್ಲಿ ಅಡಗಿಸೋಣ. ಕೆಳಗೆ ಹತ್ತು ಕನ್ನಡದ ಹೆಸರುಗಳು. ಪಕ್ಕದಲ್ಲಿ ಅವುಗಳ ತೆಲುಗು ಹೆಸರುಗಳೂ ಇರಲಿ. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಮೊರಕ್ಕೆ ಆ ಗಡಿಯೂ ಇಲ್ಲ, ಈ ಗಡಿಯೂ ಇಲ್ಲ.

ಆಟವನ್ನು ನಿಂದಿಸುವ ಮಹನೀಯರು ಮುಂದಿನ ಸಭೆಗೆ ಅಂಥ ಹತ್ತು ಹೆಸರುಗಳನ್ನು ಬರೆದು ತರಲಿ. ಚಪ್ಪಾಳೆಯನ್ನು ಅಲ್ಲಿಯವರೆಗೆ ಕಾದಿರಿಸಿದ್ದೇನೆ.