ದವಡೆಯ ಶಸ್ತ್ರಚಿಕಿತ್ಸೆ: ಅವಸರ ಸಲ್ಲದು

ಬಸವೇಶ್ವರನಗರದ ತಾಯಿಯೊಬ್ಬರು ಮಗಳೊಡನೆ ನಮ್ಮ ಮನೆಗೆ ಬಂದಿದ್ದರು. ಇಪ್ಪತ್ತೆರಡು ವರ್ಷದ ಆ ಹುಡುಗಿಯ ಕೆಳದವಡೆ ಮುಂದಕ್ಕೆ ಚಾಚಿದೆ. ಮುಂಬಲ್ಲುಗಳು ಒಂದಕ್ಕೊಂದು ಕೂಡುವುದಿಲ್ಲ. ರೊಟ್ಟಿಯನ್ನು ಕಚ್ಚಿ ಹರಿಯಲಾರಳು. ಸಕಾರದ ಉಚ್ಚಾರವೂ ತೊಡಕು. “ಗುರುಗಳೇ, ಗಂಡಿನ ಕಡೆಯವರು ಬಂದು ನೋಡಿ ಹೋಗುತ್ತಾರೆ, ಆಮೇಲೆ ಸುದ್ದಿಯೇ ಇಲ್ಲ. ಬರುವ ವೈಶಾಖದೊಳಗೆ ಆಪರೇಷನ್ ಮಾಡಿಸಿಬಿಡೋಣವೆಂದಿದ್ದೇವೆ” ಎಂದರು ತಾಯಿ. ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು.

ನಾನು ವೈದ್ಯನಲ್ಲ. ಆದರೆ ನನ್ನ ಸೋದರಳಿಯನ ಮಗನಿಗೆ ಇದೇ ಚಿಕಿತ್ಸೆ ನಡೆದಾಗ ವೈದ್ಯರ ಮಾತುಗಳನ್ನು ಕೇಳಿದವನು, ಅವನ ಹಾಸಿಗೆಯ ಪಕ್ಕ ಕುಳಿತವನು. ಆ ಅನುಭವದಿಂದ ನಾಲ್ಕು ಮಾತು.

ಇದು ನಿನ್ನೆಮೊನ್ನೆಯ ವಿದ್ಯೆಯಲ್ಲ. ಸುಟ್ಟಗಾಯದಿಂದ ವಿಕಾರಗೊಂಡಿದ್ದ ಕೆಳದವಡೆಯನ್ನು ಅಮೆರಿಕದ ಹಲಿಹೆನ್ ಎಂಬ ವೈದ್ಯರು ಸರಿಪಡಿಸಿದ್ದನ್ನು 1849ರಲ್ಲಿಯೇ ವರದಿ ಮಾಡಲಾಗಿತ್ತು. ಬಾಯಿಯ ಒಳಗಿನಿಂದಲೇ ಕೆಳದವಡೆಯ ಮೂಳೆಯನ್ನು ಸೀಳಿ ಹಿಂದಕ್ಕೋ ಮುಂದಕ್ಕೋ ಸರಿಸುವ ಕ್ರಮವನ್ನು 1950ರ ದಶಕದಲ್ಲಿ ರೂಪಿಸಿದವರು ಓಬ್‌ವೆಗೆಸರ್. ಆದಕಾರಣ ಮುಖದ ಮೇಲೆ ಸಾಮಾನ್ಯವಾಗಿ ಕಲೆ ಉಳಿಯುವುದಿಲ್ಲ. ಸರಿಸಿದ ಮೂಳೆಯನ್ನು ಟೈಟಾನಿಯಂ ಪಟ್ಟಿ ಮತ್ತು ಸ್ಕ್ರೂಗಳಿಂದ ಬಂಧಿಸುತ್ತಾರೆ.

ಆದರೆ ಶಸ್ತ್ರಚಿಕಿತ್ಸೆಯು ಈ ಪಯಣದ ನಡುವಿನ ಒಂದು ದಿನ ಮಾತ್ರ. ಅದಕ್ಕೆ ಮುಂಚೆ ಹಲ್ಲಿಗೆ ಕ್ಲಿಪ್ಪು ಹಾಕಿ, ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಹಲ್ಲುಗಳನ್ನು ಅವುಗಳ ಸ್ಥಾನಕ್ಕೆ ತರಬೇಕು. ಆ ಅವಧಿಯಲ್ಲಿ ವಕ್ರತೆ ಹೆಚ್ಚಾದಂತೆ ಕಾಣುವುದುಂಟು, ಗಾಬರಿಪಡಬೇಕಿಲ್ಲ. ಅನಂತರವೂ ಹಲವು ತಿಂಗಳು ಕ್ಲಿಪ್ಪು ಇರುತ್ತದೆ. ಬೆಳವಣಿಗೆ ನಿಲ್ಲುವ ಮುನ್ನ, ಎಂದರೆ ಹುಡುಗಿಯರಿಗೆ ಸುಮಾರು 16, ಹುಡುಗರಿಗೆ ಸುಮಾರು 18 ವರ್ಷ ತುಂಬುವ ಮೊದಲು, ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ.

ಪೂರ್ಣ ಅರಿವಳಿಕೆಯಲ್ಲಿ ಚಿಕಿತ್ಸೆ ಮುಗಿದ ಮೇಲೆ ಕೆಲವು ದಿನ ಆಸ್ಪತ್ರೆಯ ವಾಸ. ಎರಡು ಮೂರನೆಯ ದಿನ ಊತವು ಶಿಖರಕ್ಕೇರುತ್ತದೆ. ನಮ್ಮ ಹುಡುಗನನ್ನು ಕಂಡ ಅವನ ಅಜ್ಜಿ “ಇವನು ನಮ್ಮವನೇ ಏನೋ?” ಎಂದು ಕಣ್ಣೀರಿಟ್ಟರು, ಅವನು ಕನ್ನಡಿಯನ್ನೇ ಬೇಡವೆಂದ. ಎರಡು ವಾರದಲ್ಲಿ ಊತ ಬಹುಪಾಲು ಇಳಿಯಿತು; ಉಳಿದದ್ದು ತಿಂಗಳುಗಳನ್ನೇ ತೆಗೆದುಕೊಂಡಿತು. ಈ ಕಾಲದಲ್ಲಿ ಮನಸ್ಸು ಕುಗ್ಗುವುದು ಸಹಜ. ಮನೆಯವರು ಮುಖವನ್ನು ಕುರಿತು ಟೀಕೆ ಮಾಡದಿರುವುದೇ ದೊಡ್ಡ ಶುಶ್ರೂಷೆ.

ಮೊದಲ ವಾರಗಳಲ್ಲಿ ದ್ರವಾಹಾರವೇ ಗತಿ: ಗಂಜಿ, ಸೋಸಿದ ಬೇಳೆಕಟ್ಟು, ರಾಗಿ ಅಂಬಲಿ, ಹಾಲು, ಮಜ್ಜಿಗೆ. ತರುವಾಯ ಮೆದುವಾದ ಅನ್ನ. ಮೂಳೆ ಕೂಡಲು ಸುಮಾರು ಆರರಿಂದ ಎಂಟು ವಾರ ಬೇಕು; ಅಲ್ಲಿಯವರೆಗೆ ಚಕ್ಕುಲಿ, ರೊಟ್ಟಿಗಳ ಮಾತೇ ಬೇಡ. ತೂಕ ಇಳಿಯುವುದುಂಟು. ಬಾಯಿಯ ಶುಚಿ ಕಡ್ಡಾಯ. ಹೊಗೆಸೊಪ್ಪು ಸರ್ವಥಾ ವರ್ಜ್ಯ.

ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. ಕೆಳದವಡೆಯೊಳಗೆ ನರವೊಂದು ಹಾದುಹೋಗುವುದರಿಂದ ಕೆಳತುಟಿ, ಗಲ್ಲಗಳು ಜೋಮು ಹಿಡಿಯುತ್ತವೆ. ಹಲವರಿಗೆ ತಿಂಗಳುಗಳಲ್ಲಿ ಸ್ಪರ್ಶ ಮರಳುತ್ತದೆ. ಕೆಲವರಿಗೆ ಸ್ವಲ್ಪ ಜೋಮು ಶಾಶ್ವತವಾಗಿ ಉಳಿಯುತ್ತದೆ.

ನಮ್ಮ ಭಾಗದವರು ಬಹುದೂರ ಅಲೆಯಬೇಕಿಲ್ಲ. ತುಮಕೂರು ರಸ್ತೆಯ ಯಶವಂತಪುರದ ಕೆ.ಎಲ್.ಇ. ದಂತ ಕಾಲೇಜು, ಕೆಂಗೇರಿಯಾಚೆಯ ರಾಜರಾಜೇಶ್ವರಿ ದಂತ ಕಾಲೇಜು, ವಿಕ್ಟೋರಿಯಾ ಆಸ್ಪತ್ರೆಯ ಬಳಿಯ ಸರ್ಕಾರಿ ದಂತ ಕಾಲೇಜು ಇವೆ. ಹಲ್ಲು ನೇರಗೊಳಿಸುವ ತಜ್ಞರನ್ನೂ ದವಡೆಯ ಶಸ್ತ್ರವೈದ್ಯರನ್ನೂ ಕಂಡು, ವೆಚ್ಚ ಮತ್ತು ಅವಧಿಗಳನ್ನು ಮೊದಲೇ ಕೇಳಿ ತಿಳಿಯುವುದು ಲೇಸು.

ಇಷ್ಟನ್ನೂ ಕೇಳಿದ ಹುಡುಗಿ ತಲೆಯೆತ್ತಿ, “ಜೋಮು ಹೋಗದಿದ್ದರೆ?” ಎಂದಳು. “ರುಜು ಹಾಕುವ ಮುನ್ನ ನೀನೇ ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಇದು, ಮಗಳೇ” ಎಂದೆ. ಬಳಿಕ ತಾಯಿಗೆ ಹೇಳಿದೆ: “ವೈಶಾಖದ ಮಾತು ಬಿಡಿ. ಅಗಿಯಲು, ನುಡಿಯಲು ಅವಳಿಗೆ ಅನುಕೂಲವಾಗಲೆಂದು, ಅವಳೇ ಒಪ್ಪಿದರೆ ಮಾಡಿಸಿ. ನೋಡಲು ಬರುವವರಿಗಾಗಿ ಬೇಡ.”