ಸರ್ಕಾರ ಬಿದ್ದರೆ ವಿಶ್ವಕಪ್ಪೂ ಬೀಳಬೇಕಾ?

ಆಫೀಸಿನ ಕ್ಯಾಂಟೀನಲ್ಲಿ ಜಲಂಧರ್ ಕಡೆಯ ಗೆಳೆಯನೊಬ್ಬ ಮೊಬೈಲಿನಲ್ಲಿ ತಮ್ಮೂರ ಕಬಡ್ಡಿ ತೋರಿಸುತ್ತಿದ್ದ. ದುಂಡನೆಯ ಅಂಗಳ, ಬರಿಮೈ ಆಳುಗಳು. ಪಂಜಾಬ್ ಸರ್ಕಾರ ಇದಕ್ಕೊಂದು ವಿಶ್ವಕಪ್ ನಡೆಸಿತ್ತು ಅಂದ. 'ಇದಕ್ಕೂ ವರ್ಲ್ಡ್ ಕಪ್ಪಾ?' ಅಂತ ಪಕ್ಕದ ಟೇಬಲಿನವರು ನಕ್ಕರು. ನನಗೆ ಮೈ ಉರಿದುಹೋಯ್ತು. ಊರಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗೆ ಸುಣ್ಣದ ಗೆರೆ ಎಳೆದು ಬೆಳೆದವನು ನಾನು.

ನಗಬೇಕಾದ್ದು ಆಟ ನೋಡಿ ಅಲ್ಲ ಸ್ವಾಮಿ, ಆಡಿಸಿದವರನ್ನು ನೋಡಿ.

ಪ್ರೊ ಕಬಡ್ಡಿ ಮಾತ್ರ ಗೊತ್ತಿರುವವರಿಗೆ ಹೇಳ್ತೀನಿ: ಪಂಜಾಬಿನ ಸರ್ಕಲ್ ಕಬಡ್ಡಿಯಲ್ಲಿ ಏಳು ಜನ ಸೇರಿ ಮುತ್ತಿಗೆ ಹಾಕೋದಿಲ್ಲ. ರೈಡರ್ ಎದುರು ನಾಲ್ವರು ನಿಂತಿರ್ತಾರೆ, ಅವನು ಯಾರನ್ನು ಮುಟ್ಟಿದನೋ ಅವನೊಬ್ಬನೇ ತಡೆಯಬೇಕು. ಸೋತವನು ಔಟಾಗಿ ಹೊರಗೆ ಕೂರೋದಿಲ್ಲ, ಪಾಯಿಂಟ್ ಹೋಗುತ್ತೆ ಅಷ್ಟೆ. ಆಳಿಗೆ ಆಳು. ಇದರಲ್ಲಿ ನಗೋದಕ್ಕೇನಿದೆ?

ಪಂಜಾಬ್ ಸರ್ಕಾರ ಈ ವಿಶ್ವಕಪ್ ಶುರು ಮಾಡಿದ್ದು 2010ರಲ್ಲಿ. ಗೆದ್ದ ತಂಡಕ್ಕೆ ಒಂದು ಕೋಟಿ, ಮರುವರ್ಷ ಎರಡು ಕೋಟಿ. 2011ರ ಉದ್ಘಾಟನೆಗೆ ಬಟಿಂಡಾದಲ್ಲಿ ಶಾರುಖ್ ಖಾನ್ ಕುಣಿದರು. ಅದೇ ವರ್ಷ ಹೆಣ್ಣುಮಕ್ಕಳಿಗೂ ಕಪ್ ಬಂತು, ಗೆದ್ದವರಿಗೆ ಸಿಕ್ಕಿದ್ದು 25 ಲಕ್ಷ. ಅದೇ ಕಪ್ಪಿನಲ್ಲಿ ಹತ್ತಾರು ಆಟಗಾರರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಅದು ನಡೆದದ್ದು ನವೆಂಬರಿನಲ್ಲಿ, ಜನವರಿಯಲ್ಲಿ ವಿಧಾನಸಭೆ ಚುನಾವಣೆ. 2016ರ ಕಪ್ಪೂ ನವೆಂಬರಿನಲ್ಲೇ, ಫೆಬ್ರವರಿಯಲ್ಲಿ ಮತ್ತೆ ಮತದಾನ. ಕಾಕತಾಳೀಯ ಅಂತ ನೀವು ಬೇಕಾದ್ರೆ ನಂಬಿ, ನನಗಂತೂ ನಂಬಿಕೆ ಇಲ್ಲ.

2017ರಲ್ಲಿ ಸರ್ಕಾರ ಬದಲಾಯ್ತು. ಆ ವರ್ಷ ಕಪ್ ಇಲ್ಲ, ಮರುವರ್ಷವೂ ಇಲ್ಲ. 2019ರಲ್ಲಿ ಗುರುನಾನಕರ 550ನೇ ಜಯಂತಿಗೆ ಹೊಸ ಸರ್ಕಾರ ತನ್ನದೊಂದು ಅಂತರರಾಷ್ಟ್ರೀಯ ಪಂದ್ಯಾವಳಿ ಮಾಡಿತು. 2020ರಲ್ಲಿ ಲಾಹೋರಿನಲ್ಲಿ ವಿಶ್ವಕಪ್ ನಡೆದಾಗ ಭಾರತದ ಹೆಸರಿನಲ್ಲಿ ಒಂದು ತಂಡ ಹೋಗಿ ಫೈನಲ್ಲಿನಲ್ಲಿ 43-41ರಿಂದ ಸೋತಿತು. ಆ ತಂಡಕ್ಕೆ ನಾವು ಒಪ್ಪಿಗೆಯನ್ನೇ ಕೊಟ್ಟಿಲ್ಲ ಅಂದಿತು ಕೇಂದ್ರ ಕ್ರೀಡಾ ಸಚಿವಾಲಯ! ಗೆದ್ದರೆ ಹೂವಿನ ಹಾರ ಹಾಕೋಕೆ ನೂರು ಕೈ, ಜವಾಬ್ದಾರಿ ಹೊರೋಕೆ ಒಂದೂ ಇಲ್ಲ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡೆಮೊ ಜೋರಾಗಿತ್ತು, ಪ್ರೊಡಕ್ಷನ್ನಿಗೆ ಹೋಗಲೇ ಇಲ್ಲ.

'ಸರ್ಕಾರ ಹಳ್ಳಿ ಆಟಕ್ಕೆ ದುಡ್ಡು ಹಾಕಿದ್ದೇ ತಪ್ಪಾ?' ಅಂತ ಕೇಳಬಹುದು. ಖಂಡಿತಾ ತಪ್ಪಲ್ಲ. ಹೊಲದಿಂದ ಬಂದ ಹುಡುಗ ತುಂಬಿದ ಸ್ಟೇಡಿಯಮ್ಮಿನಲ್ಲಿ ನಿಂತ. ಕಡಿಮೆ ಬಹುಮಾನವಾದರೂ ಹುಡುಗಿಯರೂ ಅದೇ ಅಂಗಳಕ್ಕಿಳಿದರು. ಅದು ಸಣ್ಣ ಮಾತಲ್ಲ. ಆದರೆ ಎರಡು ವಾರದ ಜಾತ್ರೆಗೆ ಕೋಟಿ ಸುರಿದವರು ಉಳಿದ ಐವತ್ತು ವಾರ ಆ ಹುಡುಗನನ್ನು ಯಾರ ಕೈಗೆ ಬಿಟ್ಟರು? ಹಳ್ಳಿಹಳ್ಳಿಯ ಕಪ್ಪುಗಳಿಗೆ, ವಿದೇಶದಿಂದ ದುಡ್ಡು ಕಳಿಸುವ ಪ್ರಾಯೋಜಕರಿಗೆ, ಅವರವರ ಜಿದ್ದಿಗೆ. 2022ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಆಟಗಾರ ಸಂದೀಪ್ ನಂಗಲ್ ಅಂಬಿಯಾನರನ್ನು ಜಲಂಧರ್ ಜಿಲ್ಲೆಯಲ್ಲಿ ಕಬಡ್ಡಿ ಪಂದ್ಯಾವಳಿ ನಡೆಯುತ್ತಿದ್ದ ಜಾಗದಲ್ಲೇ ಗುಂಡಿಟ್ಟು ಕೊಂದರು. ಆಗಲೂ ನಮಗೆ ಅದು ಒಂದು ದಿನದ ಸುದ್ದಿ.

ಆದ್ದರಿಂದ ಇನ್ನೊಮ್ಮೆ ಯಾರಾದರೂ ವಿಶ್ವಕಪ್ ಅಂತ ಬ್ಯಾನರ್ ಕಟ್ಟಿದರೆ ಮೊದಲು ಕೇಳಿ: ಮುಂದಿನ ವರ್ಷದ ತಾರೀಕು ಯಾವುದು? ಮದ್ದಿನ ಪರೀಕ್ಷೆ ವರ್ಷವಿಡೀ ಇರುತ್ತಾ? ಹುಡುಗಿಯರಿಗೂ ಅಷ್ಟೇ ಬಹುಮಾನ ಕೊಡ್ತೀರಾ? ಉತ್ತರ ಇಲ್ಲ ಅಂದ್ರೆ ಅದು ಕಪ್ಪಲ್ಲ, ಪ್ರಚಾರ ಸಭೆ.

ಅವತ್ತು ಕ್ಯಾಂಟೀನಲ್ಲಿ ನನ್ನ ಗೆಳೆಯ ನಕ್ಕವರಿಗೆ ಏನೂ ಹೇಳಲಿಲ್ಲ. ವಿಡಿಯೋದಲ್ಲಿ ಕುಂಟುತ್ತಾ ಹೊರಬಂದ ಒಬ್ಬನನ್ನು ತೋರಿಸಿ, "ನಮ್ಮ ದೊಡ್ಡಪ್ಪನ ಮಗ. ಮಂಡಿ ಹೋಯ್ತು. ಈಗ ಲಾರಿ ಓಡಿಸ್ತಾನೆ" ಅಂದ.