ಆಟಗಳ ವಿಮರ್ಶೆಯೂ ಅಂಕಗಳ ಆಸೆಯೂ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ವಿಡಿಯೋ ಗೇಮುಗಳನ್ನಾಡಿ ಅವುಗಳ ವಿಮರ್ಶೆಯನ್ನು ಬರೆಯುತ್ತಿರುವರೆಂದು ತಿಳಿದು ಕೆಲವು ತಂದೆತಾಯಿಗಳು ವ್ಯಸನಪಟ್ಟಿದ್ದಾರೆ. ನಾವು ಹಾಗೆ ವ್ಯಸನಪಡುವುದಿಲ್ಲ. ಕಾದಂಬರಿಗೆ ವಿಮರ್ಶೆಯು ಸಲ್ಲುವುದಾದರೆ ಆಟಕ್ಕೇಕೆ ಸಲ್ಲಬಾರದು? ನಮ್ಮ ಅಂಜಿಕೆಯು ಬೇರೆ.

2005ರಲ್ಲಿ ಮೈಕ್ರೋಸಾಫ್ಟಿನವರು ಎಕ್ಸ್‌ಬಾಕ್ಸ್ 360 ಯಂತ್ರದೊಡನೆ, ಆಟದೊಳಗಿನ ಒಂದೊಂದು ಸಾಧನೆಗೂ ಅಂಕವನ್ನೀಯುವ ಪದ್ಧತಿಯನ್ನು ತಂದರು. 2008ರಲ್ಲಿ ಸೋನಿಯವರು ಪ್ಲೇಸ್ಟೇಷನ್ 3ಕ್ಕೆ ಟ್ರೋಫಿಗಳನ್ನು ಸೇರಿಸಿದರು. ಅಂಕಗಳ ಆಸೆಯೆಂಥದೆಂಬುದನ್ನು ಶಾಲೆಯವರಾದ ನಾವು ಚೆನ್ನಾಗಿ ಬಲ್ಲೆವು! 2007ರ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್ – ದಿ ಬರ್ನಿಂಗ್ ಅರ್ಥ್’ ಎಂಬ ಆಟದ ಆರಂಭದಲ್ಲಿಯೇ ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರೆ, ಕೆಲವೇ ನಿಮಿಷಗಳಲ್ಲಿ 1000 ಅಂಕಗಳೂ ಕೈಸೇರುತ್ತಿದ್ದವು. ಕಥೆಯನ್ನು ಕಾಣದವಳಿಗೂ ಪೂರ್ಣಾಂಕ. ಅಂಥವಳು ವಿಮರ್ಶೆಯಲ್ಲಿ ಏನನ್ನು ತಾನೇ ಬರೆದಾಳು? ಆ ಬರಹವನ್ನು ನಂಬಿ ಹಣತೆತ್ತು ಆಟವನ್ನು ಕೊಳ್ಳುವವರ ಗತಿಯೇನು?

ಆದಾಗ್ಯೂ, ಸಾಧನೆಗಳ ಪಟ್ಟಿಯೆಲ್ಲವೂ ನಿಷ್ಪ್ರಯೋಜಕವೆಂದು ನಾವು ಹೇಳೆವು. ಆಟದ ಮರೆಯಾದ ಮೂಲೆಗಳಿಗೆ ನಮ್ಮನ್ನು ಕರೆದೊಯ್ಯುವ ಪಟ್ಟಿಗಳೂ ಉಂಟು. ಆದುದರಿಂದ ಬರೆಯುವ ನಮ್ಮ ಮಕ್ಕಳು ಮೊದಲು ಪಟ್ಟಿಯನ್ನು ನೋಡದೆ ಆಡಿ, ತಮಗೆ ತೋರಿದ ಗುಣದೋಷಗಳನ್ನು ಬರೆದಿಟ್ಟು, ಅನಂತರ ಬೇಕಾದರೆ ಟ್ರೋಫಿಗಳ ಬೆನ್ನುಹತ್ತಲಿ. ಆಗ ಹೊಸದೇನಾದರೂ ಕಂಡುಬಂದರೆ ವಿಮರ್ಶೆಯನ್ನು ತಿದ್ದುವುದಕ್ಕೆ ಅಡ್ಡಿಯಿಲ್ಲ.